ಕಂಬ ಮುಟ್ಟಿದರೆ ಜುಮ್

"ರೀ, ಮೇಲಿನ ಕೋಣೆಯ ಕಂಬ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ," ಎಂದು ಟೈಲರಮ್ಮ ಮೂರನೆಯ ಸಲ ಹೇಳಿದಳು.

ಅವಳ ಗಂಡ ವೆಲ್ಡರ್. ಮನೆಯ ಮೇಲೆ ಕಬ್ಬಿಣದ ಕಂಬ, ತೊಲೆ ನಿಲ್ಲಿಸಿ, ಶೀಟು ಹೊದಿಸಿ, ಹೆಂಡತಿಯ ಹೊಲಿಗೆ ಕ್ಲಾಸಿಗೆ ಕೋಣೆ ಕಟ್ಟಿದವನು ಅವನೇ. ತನ್ನ ಕೆಲಸದಲ್ಲಿ ಯಾರಾದರೂ ಹುಳುಕು ತೆಗೆದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

"ನಾನು ದಿನಾ ಮುಟ್ತೀನಿ, ನನಗೇನೂ ಆಗಲ್ಲ. ನಿನಗೆ ಕೂತು ಕೂತು ಜೋಮು ಹಿಡಿದಿರಬೇಕು."

ಟೈಲರಮ್ಮ ವಾದಕ್ಕೆ ನಿಲ್ಲಲಿಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದಳು. ಅವರು ಬೇರೆ ಯಾರೂ ಅಲ್ಲ, ಗಂಡನ ಅಣ್ಣನ ಹೆಂಡತಿ.

"ಕರೆಂಟನ್ನ ಭೂಮಿಗೆ ಇಳಿಸೋ ಅರ್ಥಿಂಗ್ ಪಟ್ಟಿ ಹಾಕಿದೀನಿ ಅತ್ತಿಗೆ. ಕಂಬಕ್ಕೇ ಬೋಲ್ಟ್ ಮಾಡಿದೀನಿ, ನೋಡಿ. ನಾನು ಮುಟ್ಟಿದ್ರೆ ಏನೂ ಆಗಲ್ಲ."

"ನಿನ್ನ ಕಾಲಲ್ಲಿ ರಬ್ಬರ್ ಬೂಟಿದೆಯಪ್ಪ. ಅವಳದು ಬರಿಗಾಲು, ಅದೂ ಒರೆಸಿದ ಒದ್ದೆ ನೆಲ."

ಅತ್ತಿಗೆ ಮೀಟರಿನ ಒಂದು ತುದಿಯನ್ನು ಕಂಬಕ್ಕೆ, ಇನ್ನೊಂದನ್ನು ಅರ್ಥಿಂಗ್ ಪಟ್ಟಿಗೆ ಹಿಡಿದರು. ತೊಂಬತ್ತು ವೋಲ್ಟ್!

ವೆಲ್ಡರ್ ಬಗ್ಗಿ ಮೀಟರು ನೋಡಿದ. "ನನ್ನ ತಂಗಿ ಏಳು ತಿಂಗಳ ಬಸುರಿ. ಕ್ಲಾಸಿಗೆ ಬಂದ್ರೆ ಇದೇ ಕಂಬಕ್ಕೆ ಒರಗಿ ಕೂರ್ತಾಳೆ ಅತ್ತಿಗೆ!"

ಮೊದಲು ಮೇನ್ ಸ್ವಿಚ್ ಆಫ್ ಆಯಿತು. ಹೊಲಿಗೆ ಯಂತ್ರದ ವೈರು ಕಂಬದ ಅಂಚಿಗೆ ತಿಕ್ಕಿ ಸುಲಿದುಹೋಗಿತ್ತು. ಅಲ್ಲಿಂದ ಕಂಬಕ್ಕೆ ಬಂದ ಕರೆಂಟು ಭೂಮಿಗೆ ಯಾಕೆ ಇಳಿಯಲಿಲ್ಲ? ಅತ್ತಿಗೆ ಬೋಲ್ಟ್ ಬಿಚ್ಚಿ ತೋರಿಸಿದರು. ಪಟ್ಟಿಯ ಕೆಳಗೆ ಮೂರು ಕೋಟು ಬಣ್ಣ!

"ತುಕ್ಕು ಹಿಡಿಯಬಾರದು ಅಂತ ಹೊಡೆದೆ."

"ಬಣ್ಣ ಕರೆಂಟನ್ನ ದಾಟಿಸಲ್ಲ ಕಣೋ. ಪಟ್ಟಿ ಇದ್ದೂ ಇಲ್ಲದ ಹಾಗೆ. ಕೂಡುವ ಜಾಗ ಉಜ್ಜಿ ಕಬ್ಬಿಣ ಹೊಳೆಯೋ ಹಾಗೆ ಮಾಡು, ಬೋಲ್ಟ್ ಬಿಗಿ ಮಾಡು, ಆಮೇಲೆ ಎಷ್ಟು ಬೇಕಾದ್ರೂ ಬಣ್ಣ ಹೊಡ್ಕೋ."

ವೆಲ್ಡರ್ ಬಣ್ಣ ಉಜ್ಜಿ ತೆಗೆದ. ಅತ್ತಿಗೆ ಕಂಬ, ತೊಲೆ, ಶೀಟು, ಮೆಟ್ಟಿಲಿನ ಕಂಬಿ ಎಲ್ಲವನ್ನೂ ತಂತಿಯಿಂದ ಒಂದಕ್ಕೊಂದು ಜೋಡಿಸಿ, ಒಂದೇ ಅರ್ಥಿಂಗಿಗೆ ಸೇರಿಸಿದರು. ಸುಲಿದ ವೈರು ಬದಲಾಯಿತು. ಕರೆಂಟು ಸೋರಿದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಸ್ವಿಚ್ಚೂ ಬಂತು. ಮೇನ್ ಸ್ವಿಚ್ ಆನ್ ಮಾಡಿ ಮತ್ತೆ ಅಳೆದಾಗ ಮೀಟರು ಸೊನ್ನೆ ತೋರಿಸಿತು.

ಮೂರು ಗಂಟೆಗೆ ತಂಗಿ ಬಂದು, "ಉಸ್ಸಪ್ಪಾ" ಎಂದು ಕಂಬಕ್ಕೆ ಒರಗಿದಳು. ಅಣ್ಣನಿಗೆ ಹೋದ ಜೀವ ಬಂದಂತಾಯಿತು. ಅವನು ಕಣ್ಣೊರೆಸಿಕೊಂಡ.

"ವೆಲ್ಡಿಂಗ್ ಹೊಗೆ," ಎಂದ.

"ಇವತ್ತು ವೆಲ್ಡಿಂಗ್ ಎಲ್ಲಿ ಮಾಡಿದ್ರಿ?" ಎಂದು ಟೈಲರಮ್ಮ ನಕ್ಕಳು.

ನಿಮ್ಮ ಮನೆಯ, ಅಂಗಡಿಯ ಕಬ್ಬಿಣವೂ ಜುಮ್ ಎನ್ನುತ್ತಿದೆಯೇ? ಸುಮ್ಮನಿರಬೇಡಿ. ಮುಟ್ಟಿ ಪರೀಕ್ಷಿಸಲೂ ಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಲೈಸೆನ್ಸ್ ಇರುವವರನ್ನು ಕರೆಸಿ. ಅರ್ಥಿಂಗ್ ಇದೆ ಎಂಬ ಮಾತಿಗೆ ತೃಪ್ತರಾಗದೆ, ಅಳೆಸಿ ನೋಡಿ. ಇವತ್ತೇ ನೋಡಿ, ಆ ಕಂಬಕ್ಕೆ ಒರಗುವವರು ನಿಮ್ಮವರೇ.