ಇನ್ನೊಬ್ಬನ ಕೈಯ ಸದ್ದು

"ಇನ್ನೂ ಸ್ವಲ್ಪ ಮೆತ್ತಗೆ," ಎಂದರು ನಿರ್ದೇಶಕರು, ಗಾಜಿನ ಆಚೆಯಿಂದ. "ಪರದೇಲಿ ಅವನು ಹೆಂಡತಿ ಬೆನ್ನು ಸವರ್ತಿದಾನೆ ಕಣ್ರೀ, ಮೇಜು ಒರೆಸ್ತಿಲ್ಲ."

ಗಾಜಿನ ಈಚೆ ಅವನು ಹತ್ತಿಬಟ್ಟೆಯನ್ನು ಮೈಕಿನ ಹತ್ತಿರ ಹಿಡಿದು ಮತ್ತೆ ಸವರಿದ. ಚಿತ್ರಗಳಿಗೆ ಸದ್ದು ಕೂಡಿಸುವುದು ಅವನ ಕಸುಬು. ಹದಿನಾರು ವರ್ಷಗಳಿಂದ ಮಳೆ, ಬೆಂಕಿ, ಕಪಾಳಮೋಕ್ಷ ಎಲ್ಲವೂ ಅವನ ಕೈಯಿಂದಲೇ ಹೊರಟಿವೆ. ಇದು ಯುದ್ಧದ ಚಿತ್ರ. ಊರೊಳಗೆ ಸೈನ್ಯ ನುಗ್ಗಿದೆ. ಗಂಡಹೆಂಡಿರು ಮನೆಯಲ್ಲೇ ಸಿಕ್ಕಿಬಿದ್ದು ಮೆಟ್ಟಿಲ ಕೆಳಗೆ ಅಡಗಿದ್ದಾರೆ. ಪರದೆಯ ಮೇಲಿನ ಹೆಂಡತಿ ಅವನ ಸ್ವಂತ ಹೆಂಡತಿಯೇ. ಗಂಡ ಮಾತ್ರ ಬೇರೆಯವನು.

ನಟನ ಕೈ ಬೆನ್ನಿನಿಂದ ಕುತ್ತಿಗೆಗೆ ಏರಿತು. ಇವನ ಕೈಯೂ ಏರಬೇಕಾಯಿತು. ಪರರ ಸರಸಕ್ಕೆ ತಾನು ತಾಳ ಹಾಕಬೇಕು, ಅದೂ ಮೆತ್ತಗೆ! ಆ ಎದೆಗೆ ಒರಗಿ ಅವಳು ಬಿಟ್ಟಳಲ್ಲ, ಅಂಥ ನಿರಾಳದ ಉಸಿರು ಹನ್ನೊಂದು ವರ್ಷಗಳ ಸಂಸಾರದಲ್ಲಿ ಅವನ ಪಾಲಿಗೆ ಒಮ್ಮೆಯೂ ಬಂದಿರಲಿಲ್ಲ. ನಟನೆ ಎಂದು ಅವನಿಗೆ ಗೊತ್ತು. ಅಷ್ಟು ಚೆನ್ನಾಗಿ ನಟಿಸುವವಳು ಮನೆಯಲ್ಲೂ ಒಂದು ದಿನ ನಟಿಸಬಹುದಿತ್ತು.

ಮಧ್ಯಾಹ್ನ ಅವಳು ಡಬ್ಬಿಂಗಿಗೆ ಬಂದಳು. ಚಹಾದ ಬಿಡುವಿನಲ್ಲಿ ಅವನು ಸೆಕೆಯ ಮಾತಾಡಿದ, ಗಂಟಲು ಹೇಗಿದೆಯೆಂದು ವಿಚಾರಿಸಿದ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಆ ಉಸಿರು ಎಲ್ಲಿ ಕಲಿತೆ?"

"ಯಾವುದು?"

"ಅವನ ಎದೆಗೆ ಒರಗಿ ಬಿಟ್ಟಿದ್ದು."

ಅವಳು ಲೋಟದೊಳಗೆ ನೋಡಿದಳು. "ಮನೇಲೇ. ನೀವು ಹೊರಟ ಮೇಲೆ."

ಅವನು ಲೋಟ ಕೆಳಗಿಟ್ಟ. "ಆಗ ಯಾರಿರ್ತಾರೆ ಮನೇಲಿ?"

"ಯಾರೂ ಇರಲ್ಲ," ಎಂದಳು. "ಅದಕ್ಕೇ."

ಚಹಾ ಮುಗಿಸಿ ಎದ್ದುಹೋದಳು. ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಜಗಳವಾಡಲು ಒಬ್ಬ ಆಸಾಮಿಯಾದರೂ ಸಿಗುತ್ತಿದ್ದ.

ಸಂಜೆಗೆ ಸೈನಿಕನ ಹೆಜ್ಜೆಗಳು ಬಾಕಿ ಇದ್ದವು. ಅವನು ದಪ್ಪ ಬೂಟು ತೊಟ್ಟು ಹಲಗೆಯ ಮೇಲೆ ನಿಂತ. ಚಿತ್ರದಲ್ಲಿ ಸೈನಿಕ ಕಾಣಿಸುವುದೇ ಇಲ್ಲ. ಬಾಗಿಲಾಚೆ ಅವನ ಸದ್ದಷ್ಟೇ. ಒಳಗಿನವರು ಬೆಚ್ಚುವ ಕ್ಷಣಕ್ಕೆ ಸರಿಯಾಗಿ ಹೆಜ್ಜೆ ಬೀಳಬೇಕು. ಎಂಥ ಪಳಗಿದವನಿಗೂ ಐದಾರು ಸಲವಾದರೂ ತಪ್ಪುವ ಕೆಲಸ. ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿತು. ತಲೆಯ ತುಂಬ ಅವಳ ಮಾತೇ ಇದ್ದುದರಿಂದ ಅವನು ಪರದೆ ನೋಡುವುದನ್ನೇ ಮರೆತು, ದಿನಾ ಕೆಲಸ ಮುಗಿಸಿ ಮನೆಗೆ ನಡೆಯುವ ಹಾಗೆ ನಡೆದ.

ನಾಲ್ಕನೆಯ ಹೆಜ್ಜೆಗೆ ತಲೆಯೆತ್ತಿದ. ಪರದೆಯ ಮೇಲೆ ಅದೇ ಹೆಜ್ಜೆಗೆ ಅವಳ ಭುಜ ಕುಗ್ಗಿತು. ಐದನೆಯದಕ್ಕೆ ಇನ್ನಷ್ಟು. ಆರನೆಯದಕ್ಕೆ ಅವಳು ಉಸಿರು ಬಿಗಿಹಿಡಿದು ಆ ಇನ್ನೊಬ್ಬನ ಎದೆಯಲ್ಲಿ ಮುಖ ಹುದುಗಿಸಿದಳು.

"ಒಂದೇ ಸಲಕ್ಕೆ ಕೂಡಿಬಂತಲ್ರೀ," ಎಂದರು ನಿರ್ದೇಶಕರು. "ಹಾಗೇ ಬನ್ನಿ, ಬಾಗಿಲ ತನಕ."

ಅವನು ಬಂದ.