ಡೀಸೆಲ್ ಮುಚ್ಚಳದ ವಿಭೂತಿ

ಆಯುಧಪೂಜೆ ಕಳೆದಾಗಿನಿಂದ ಮನೆಯ ಹಳೇ ಜೀಪು ಐದಾರು ಮೈಲಿ ಓಡಿ ನಿಂತುಬಿಡುತ್ತಿತ್ತು. ಇಂಜಿನ್ನೇ ಬಿಚ್ಚಬೇಕೆಂದು ಶಿರಾ ಗೇಟಿನ ಮೆಕ್ಯಾನಿಕ್ ಹೇಳಿದ್ದ. ಅಲ್ಲಿಗೇ ಹೊರಟಿದ್ದ ಜೀಪು ಕಡಬದ ಕೆರೆ ಏರಿಯ ಮೇಲೆ ಮತ್ತೆ ನಿಂತಾಗ ಸಿದ್ದಗಂಗಮ್ಮನಿಗೆ ರೇಗಿತು. ಗಂಡ ಅಡವಿಯಪ್ಪ ಬಾನೆಟ್ ಎತ್ತುವಷ್ಟರಲ್ಲಿ ಅವಳು ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಗಾಳಿ ಬುಸ್ಸೆಂದು ಒಳನುಗ್ಗಿತು.

"ಪೂಜೆ ದಿನ ಮುಚ್ಚಳಕ್ಕೂ ವಿಭೂತಿ ಮೆತ್ತಿದ್ರಲ್ಲ, ಗಾಳಿ ತೂತೇ ಮುಚ್ಚೋಗಿ ಡೀಸೆಲ್ ಇಂಜಿನ್ನಿಗೆ ಹೋಗ್ತಿಲ್ಲ. ಎಣ್ಣೆ ಟಿನ್ನಿಗೆ ಒಂದೇ ತೂತು ಹೊಡುದ್ರೆ ಎಣ್ಣೆ ಸುರೀತದಾ?"

ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ತೂತು ಬಿಡಿಸಿದಳು. ಜೀಪು ಗುಬ್ಬಿ ದಾಟಿ ಶಿರಾ ಗೇಟಿನವರೆಗೂ ಎಲ್ಲೂ ನಿಲ್ಲದೆ ಓಡಿತು.

ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಬಂದ. "ಇಂಜಿನ್ ಬಿಚ್ಚೋಣ್ವಾ ಯಜಮಾನ್ರೇ?"

ಅಡವಿಯಪ್ಪ ಹೆಂಡತಿಯತ್ತ ಕೈ ತೋರಿಸಿದ. "ನಮ್ ಮೇಸ್ತ್ರೀನ ಕೇಳಪ್ಪ."

ಸಿದ್ದಗಂಗಮ್ಮ ಜೀಪಿನಿಂದ ಇಳಿಯಲೇ ಇಲ್ಲ. ಪಿನ್ನು ಎತ್ತಿ ತೋರಿಸಿ, "ಇದ್ರಲ್ಲೇ ಆಗೋಯ್ತು ಬುಡಪ್ಪ," ಎಂದಳು.