ಏಳನೇ ಬೋರ್ಡಿನ ಪಕ್ಕದಲ್ಲಿ

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹದಿನಾರು ವರ್ಷ ಎಂಟನೇ ಬೋರ್ಡಿನ ಮುಂದೆ ಕೂತವಳು. ಅಲ್ಲಿ ನಮಗೆ ಹೆಸರಿಗಿಂತ ಬೋರ್ಡಿನ ನಂಬರೇ ರೂಢಿ. ನಾನು ಎಂಟು, ನನ್ನ ಎಡಗಡೆಯವಳು ಏಳು. ಹೆಡ್‌ಸೆಟ್ಟು ಮುಚ್ಚುತ್ತಿದ್ದುದು ಬಲಗಿವಿಯೊಂದನ್ನೇ. ಊರೂರಿನವರ ಮಾತೆಲ್ಲ ಬಲಗಿವಿಗೆ ಬಂದರೆ, ಎಡಗಿವಿ ಪೂರ್ತಿ ಏಳರ ಪಾಲು. ತುಟಿ ಅಲ್ಲಾಡಿಸದೆ ಮಾತಾಡುವ ವಿದ್ಯೆ ಅವಳಿಗೆ ಒಲಿದಿತ್ತು. ನಮ್ಮ ಬೆನ್ನ ಹಿಂದೆ ಓಡಾಡುತ್ತಿದ್ದ ಮೇಲ್ವಿಚಾರಕಿ ದೊಡ್ಡಮ್ಮನ ಕೈಗೆ ಒಂದು ದಿನವೂ ಸಿಕ್ಕಿಬಿದ್ದವಳಲ್ಲ. ನಗು ತಡೆಯಲಾರದೆ ಬೈಸಿಕೊಳ್ಳುತ್ತಿದ್ದವಳು ನಾನು.

ಆ ಏಳು ನನ್ನ ಜೊತೆ ಮಾತು ಬಿಟ್ಟು ಇಪ್ಪತ್ತೊಂಬತ್ತು ವರ್ಷವಾಗಿತ್ತು.

ತಪ್ಪು ನನ್ನದೇ. ಅವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಅವಳ ಅಣ್ಣ ಬೇರೆ ಊರಿನಲ್ಲಿದ್ದ ತಮ್ಮನಿಗೆ ಮಾಡಿದ ಟ್ರಂಕ್ ಕಾಲ್ ನನ್ನ ಬೋರ್ಡಿಗೆ ಬಂತು. ಲೈನು ಕೊಟ್ಟ ಮೇಲೆ ಬೋರ್ಡಿನ ಕೀ ಮುಚ್ಚಿ ಅವರ ಮಾತಿನಿಂದ ಹೊರಗೆ ಬರಬೇಕು, ಕಿವಿಗೆ ಬಿದ್ದದ್ದನ್ನು ಬಾಯಿಗೆ ತರಬಾರದು. ಅದು ನಮ್ಮ ಕೆಲಸದ ಮೊದಲ ಪಾಠ. ನಾನು ಕೀ ಮುಚ್ಚಲಿಲ್ಲ. ಅಮ್ಮನಿಗೆ ಜಾಸ್ತಿಯಾಗಿದೆ, ತಂಗಿಗೆ ನಾಳೆ ಬಡ್ತಿ ಪರೀಕ್ಷೆ, ಮುಗಿದ ಮೇಲೆ ಹೇಳೋಣ ಎಂದ ಅಣ್ಣ. ಆಮೇಲೆ ಸಂಜೆವರೆಗೂ ಏಳು ಪರೀಕ್ಷೆಯ ಉತ್ತರಗಳನ್ನು ದೊಡ್ಡಮ್ಮನ ರಾಗದಲ್ಲಿ ಒಪ್ಪಿಸಿ ನನ್ನನ್ನು ನಗಿಸಿದಳು. ನಾನು ನಕ್ಕೆ. ಬೆಳಗಾಗುವ ಮೊದಲೇ ಅವಳ ತಾಯಿ ತೀರಿಕೊಂಡರು.

ಪ್ರತಿ ಟ್ರಂಕ್ ಕಾಲಿಗೂ ನಾವು ಹೊತ್ತು, ನಂಬರು ಹಾಕಿ ಚೀಟಿ ಬರೆದಿಡುತ್ತಿದ್ದೆವು. ಹದಿಮೂರು ದಿನ ಕಳೆದು ಕೆಲಸಕ್ಕೆ ಬಂದವಳು ಕಟ್ಟು ಬಿಚ್ಚಿ ಆ ಚೀಟಿ ಹುಡುಕಿ ತೆಗೆದಳು. ನನ್ನ ಅಕ್ಷರ.

"ಎರಡು ಇಪ್ಪತ್ತಕ್ಕೆ ಗೊತ್ತಾಗಿದೆ ನಿಂಗೆ. ಐದು ಗಂಟೆವರ್ಗೂ ಹಲ್ಲು ಕಿರಿದ್ಕೊಂಡು ಕೂತಿದ್ಯಲ್ಲೇ!"

"ನಾನು ಲೈನ್ ಕೊಟ್ಟು ಕೀ ಮುಚ್ಚಿದೆ ಕಣೇ. ಏನೂ ಕೇಳಿಸ್ಲಿಲ್ಲ," ಎಂದೆ.

ಅವಳು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ನಂಬಲಿಲ್ಲವೆಂದು. ಮಾರನೇ ವಾರ ಬೇರೆ ಪಾಳಿ ಕೇಳಿ ಹೋದಳು. ಮುಂದೆ ಬೋರ್ಡುಗಳೂ ಹೋದವು, ಎಕ್ಸ್‌ಚೇಂಜೂ ಹೋಯಿತು.

ಕಳೆದ ವರ್ಷ ಹಳಬರೆಲ್ಲ ಸೇರಿ ತಿಂಗಳಿಗೊಮ್ಮೆ ವೀಡಿಯೋ ಕಾಲ್ ಶುರುಮಾಡಿದೆವು. ಚೌಕದೊಳಗೆ ಮುಖಗಳು, ಎಲ್ಲರೂ ಒಟ್ಟಿಗೇ ಮಾತು. ಏಳೂ ಬರುತ್ತಿದ್ದಳು. ಅಲ್ಲಿ ಏನು ಹೇಳಿದರೂ ಹತ್ತು ಜನರಿಗೆ ಸಾರಿ ಹೇಳಿದಂತೆ. ಪಕ್ಕ ಅನ್ನುವುದೇ ಇಲ್ಲದ ಜಾಗದಲ್ಲಿ ಯಾರ ಕಿವಿಗೆ ಏನು ಹೇಳುವುದು?

ಹನ್ನೊಂದನೇ ಬೋರ್ಡಿನವಳ ಮಗಳು ಕಂಪ್ಯೂಟರಿನೊಳಗೆ ಕೋಣೆ ಕಟ್ಟುವ ಕೆಲಸದವಳು. ದೊಡ್ಡಮ್ಮನ ಹತ್ತಿರ ಅಳತೆ ಕೇಳಿ, ಹಳೆಯ ಫೋಟೋ ನೋಡಿ, ನಮ್ಮ ಎಕ್ಸ್‌ಚೇಂಜನ್ನೇ ಕಟ್ಟಿ, ಒಳಗೆ ನಮ್ಮೆಲ್ಲರ ಹರೆಯದ ಗೊಂಬೆಗಳನ್ನು ಕೂರಿಸಿಬಿಟ್ಟಳು. ಹಾಕಿಕೊಂಡರೆ ಆ ಕೋಣೆಯೊಳಗೇ ಕೂತಂತಾಗುವ ಒಂದೊಂದು ದಪ್ಪ ಕನ್ನಡಕ ಎಲ್ಲರ ಮನೆಗೂ ಬಂತು. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಊಟದ ಮೇಜಿನ ಕುರ್ಚಿಯಲ್ಲಿ ಕೂತು ಅದನ್ನು ಹಾಕಿಕೊಂಡೆ.

ಎದುರಿಗೆ ಬೋರ್ಡು. ಸಾಲು ಸಾಲು ತೂತು, ಕೆಂಪು ವೈರು, ಮೇಲೆ ಸುಣ್ಣ ಎದ್ದ ಗೋಡೆ.

"ಯಾರೇ ಅದು, ಅಷ್ಟು ತೆಳ್ಳಗಿರೋಳು?" ಯಾರೋ ಕೂಗಿದರು.

"ಹನ್ನೊಂದು ಕಣೇ! ಮಗಳೇ ಮಾಡಿದ್ದಲ್ವಾ, ಅಮ್ಮಂಗೆ ಮೂವತ್ತು ಕೆಜಿ ಮಾಫಿ."

"ಹೊಟ್ಟೆಕಿಚ್ಚು ಪಡ್ಬೇಡ್ರೇ!"

ನಗುವಿನ ನಡುವೆ ಬೆನ್ನ ಹಿಂದೆ ಹೆಜ್ಜೆ ಸದ್ದಾಯಿತು. ಮನೆಯಲ್ಲಿ ಗಾಲಿಕುರ್ಚಿಯಿಂದ ಏಳಲಾರದ ದೊಡ್ಡಮ್ಮ ಇಲ್ಲಿ ಕೈ ಕಟ್ಟಿಕೊಂಡು ಉದ್ದಕ್ಕೂ ನಡೆದಾಡುತ್ತಿದ್ದರು. "ಬೆನ್ನು ನೆಟ್ಟಗೆ!" ಎಂದರು. ಅರವತ್ತು ದಾಟಿದ ನಾನು ಕುರ್ಚಿಯಲ್ಲಿ ನೆಟ್ಟಗಾದೆ.

ಆಗ ಎಡಗಡೆಯಿಂದ, ಎಡಗಡೆಯಿಂದಲೇ, ಒಂದು ಕೆಮ್ಮು ಕೇಳಿಸಿತು. ಒಬ್ಬರ ಕಡೆ ಬಾಗಿ ಮಾತಾಡಿದರೆ ಅವರೊಬ್ಬರಿಗೇ ಕೇಳಿಸುತ್ತದೆ ಎಂದು ಹನ್ನೊಂದರ ಮಗಳು ಮೊದಲೇ ಹೇಳಿಕೊಟ್ಟಿದ್ದಳು. ನಾನು ಬಾಗಿದೆ.

"ಏಳು, ಅವತ್ತು ನಾನು ಹೇಳ್ಬೇಕಿತ್ತು."

"ಹೂಂ. ಹೇಳ್ಬೇಕಿತ್ತು."

ಅಷ್ಟೇ. ದೊಡ್ಡಮ್ಮನ ಹೆಜ್ಜೆ ನಮ್ಮನ್ನು ದಾಟಿ ಹೋಯಿತು. ಆಮೇಲೆ ಕೇಳಿದಳು, "ಕೀ ಮುಚ್ಚಿದ್ಯಾ ಇಲ್ವಾ?"

"ಮುಚ್ಚಲಿಲ್ಲ. ಕೊನೇವರ್ಗೂ ಕೇಳ್ದೆ. ನಿನ್ ಹತ್ರ ಸುಳ್ಳು ಹೇಳ್ದೆ."

"ಗೊತ್ತು ಬಿಡು." ಒಂದು ಉಸಿರು. "ಅಮ್ಮ ಮಾತಾಡಿದ್ಲಾ?"

ಇದನ್ನು ಹೇಳಿದರೆ ಪೂರ್ತಿ ಕದ್ದು ಕೇಳಿದ್ದನ್ನು ಒಪ್ಪಿಕೊಂಡಂತಾಗುತ್ತದೆಂದು ಇಷ್ಟು ವರ್ಷ ಎದೆಯಲ್ಲೇ ಇಟ್ಟುಕೊಂಡಿದ್ದೆ. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ಫೋನಲ್ಲಿ ಅಲ್ಲ, ಹಿಂದಿನ ಹಾಸಿಗೆಯಿಂದ. ಲೈನ್ ಸರಿಯಿಲ್ಲ ಅಂತ ನಿಮ್ಮಣ್ಣ ಹಲೋ ಹಲೋ ಅಂತ ಕಿರುಚ್ತಿದ್ರು. ನಿಮ್ಮಮ್ಮ ಅಂದ್ರು, 'ಮೆಲ್ಲಗೋ. ಬೋರ್ಡಲ್ಲಿ ಕೂತಿರೋ ಹುಡುಗೀರ ಕಿವಿ ನೋಯತ್ತೆ.' ಆಮೇಲೇ ನಿಮ್ಮಣ್ಣ ದನಿ ತಗ್ಗಿಸಿ ಉಳಿದಿದ್ದು ಹೇಳಿದ್ದು."

ಪಕ್ಕದ ಕುರ್ಚಿಯ ಗೊಂಬೆ, ಮೂವತ್ತು ವರ್ಷದ ಏಳು, ಹೆಗಲ ಮೇಲೆ ಜಡೆ ಹಾಕಿಕೊಂಡು ನಗುತ್ತಲೇ ಇತ್ತು. ನನಗೆ ಕೇಳಿಸುತ್ತಿದ್ದುದು ನಗುವಲ್ಲ.

"ಹುಡುಗೀರು ಅಂದ್ಲಾ? ನನ್ನ ಹೆಸ್ರು ತೆಗೀಲಿಲ್ವಾ?"

ತೆಗೆದರು ಅನ್ನಬಹುದಿತ್ತು. "ಇಲ್ಲ. ಹುಡುಗೀರು ಅಂದ್ರು."

"ನೋಡು, ಹಾಸಿಗೆ ಹಿಡಿದೋಳಿಗೆ ನಿನ್ ಕಿವಿ ಚಿಂತೆ," ಎಂದಳು. ಮೂಗು ಒರೆಸಿಕೊಂಡ ಸದ್ದು. "ಎಂಟು, ಆ ಕನ್ನಡಕ ತೆಗಿ. ಈ ಗೊಂಬೆ ಮುಖ ನೋಡೋಕಾಗ್ತಿಲ್ಲ ನಂಗೆ. ವೀಡಿಯೋದಲ್ಲಿ ಬಾ, ನಾವಿಬ್ರೇ."

"ನನ್ ಮುಖ ಈಗ ನೋಡೋ ಹಾಗಿಲ್ಲ ಕಣೇ."

"ನಂದೇನು ಸುರಸುಂದ್ರಿ ಥರ ಇದ್ಯಾ? ಬಾರೇ."

ಕನ್ನಡಕ ತೆಗೆದೆ. ಮೇಜಿನ ಮೇಲೆ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು.